ಕೊಟ್ಟದ್ದು ಉಳಿಯುವುದು ಹೇಗೆ?

ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ‘ಸಾಹಿತ್ಯ ಕೃತಿ’ ಎಂದು ಕರೆಯುತ್ತದೆ. 1957ರ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ತಂತ್ರಾಂಶ ಈ ಪಟ್ಟಿಗೆ ಸೇರಿತು. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯೂ ಅದನ್ನು ಟೈಪು ಮಾಡಲು ಬಳಸುವ ತಂತ್ರಾಂಶವೂ ಒಂದೇ ಜಾತಿ. ಎರಡಕ್ಕೂ ಕರ್ತೃವಿನ ಆಯುಷ್ಯ ಮತ್ತು ಆಮೇಲಿನ 60 ವರ್ಷಗಳ ರಕ್ಷಣೆ ಇದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2054ರ ಕೊನೆಯವರೆಗೂ ಸ್ವಾಮ್ಯದಲ್ಲಿರುತ್ತವೆ. ಹಾಗೆಯೇ ಮೂವತ್ತು ವಯಸ್ಸಿನ ತರುಣನೊಬ್ಬ ಇವತ್ತು ತನ್ನ ಹೆಸರಿನಲ್ಲಿ ಒಂದು ತಂತ್ರಾಂಶ ಬರೆದು, ಎಂಬತ್ತರವರೆಗೆ ಬದುಕಿದರೆ, ಅದು ಸುಮಾರು 110 ವರ್ಷ ಯಾರದೋ ಆಸ್ತಿಯಾಗಿ ಉಳಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ವರ್ಗೀಕರಣ ಮೊದಲು ತಮಾಷೆಯಾಗಿ ಕಂಡಿತು, ಆಮೇಲೆ ಕಾಡತೊಡಗಿತು. ಕಾದಂಬರಿ ತನ್ನಲ್ಲೇ ಮುಗಿಯುವ ವಸ್ತು. ಅದನ್ನು ನಾನು ಓದದೇ ಇರಬಹುದು. ಓದದಿದ್ದರೂ ನನ್ನ ಕತೆ ನಾನು ಬರೆಯಬಹುದು. ಆದರೆ ಕನ್ನಡ ಅಕ್ಷರವನ್ನು ಯಂತ್ರದೊಳಗೆ ಮೂಡಿಸುವ ತಂತ್ರಾಂಶ ಹಾಗಲ್ಲ. ಅದು ಇನ್ನೊಬ್ಬರ ಮಾತು ಹಾದುಹೋಗುವ ದಾರಿ. ನನ್ನ ಕವಿತೆ, ನಿಮ್ಮ ಅರ್ಜಿ, ಪಂಚಾಯಿತಿಯ ನಡಾವಳಿ ಎಲ್ಲವೂ ಆ ದಾರಿಯಲ್ಲೇ ನಡೆಯಬೇಕು. ಹೀಗೆ ಎಲ್ಲರ ಮಾತೂ ಹಾದುಹೋಗುವ ದಾರಿಯ ಮೇಲೆ ಒಬ್ಬರಿಗೆ ಯಾವ ಬಗೆಯ ಒಡೆತನ ಇರಬಹುದು? ಆ ದಾರಿಯನ್ನು ಕಡಿದವರು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ಅಷ್ಟಕ್ಕೇ ಅದು ಎಲ್ಲರದೂ ಆಗಿಬಿಡುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಕನ್ನಡದ್ದೇ ಉದಾಹರಣೆ ಇಟ್ಟುಕೊಂಡು ಯೋಚಿಸಬೇಕೆಂದು ಈ ಬರಹ.

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ನವುಲೆ ಸಿಗುತ್ತದೆ. ಇಂಜಿನಿಯರಿಂಗ್ ಕಾಲೇಜು, ಕೃಷಿ ವಿಶ್ವವಿದ್ಯಾಲಯ, ಕ್ರಿಕೆಟ್ ಮೈದಾನ ಇರುವ ಈ ಕಡೆ ವಿದ್ಯಾರ್ಥಿಗಳದೇ ಓಡಾಟ. ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗೆ ಕನ್ನಡದ ಫೈಲು ಹಿಡಿದು ಹೋದವರಿಗೆಲ್ಲ ಎದುರಾಗುವ ಮೊದಲ ಪ್ರಶ್ನೆ ಒಂದೇ: “ಯಾವ ಫಾಂಟಲ್ಲಿದೆ ಇದು? ನುಡಿನಾ, ಶ್ರೀಲಿಪಿನಾ, ಯೂನಿಕೋಡಾ?” ಇಂಗ್ಲಿಷಿನ ಫೈಲು ತಂದವರಿಗೆ ಈ ಪ್ರಶ್ನೆ ಇಲ್ಲ. ಕನ್ನಡದವರಿಗೆ ಮಾತ್ರ ತಾವು ಬರೆದದ್ದು ಯಾವ ತಂತ್ರಾಂಶದ ಊರಿನದು ಎಂದು ಹೇಳಿ ಒಳಗೆ ಬರಬೇಕಾದ ಸ್ಥಿತಿ.

ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ ಎಂಬ ಒಪ್ಪಂದವೇ ಸಂಕೇತ ವ್ಯವಸ್ಥೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕನ್ನಡಕ್ಕೆಂದು ತಂತ್ರಾಂಶ ಮಾಡಿದ ಕಂಪನಿಗಳು ಒಬ್ಬೊಬ್ಬರೂ ಒಂದೊಂದು ಒಪ್ಪಂದ ಮಾಡಿಕೊಂಡರು. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳು ಕೂತಿದ್ದ ಮನೆಗಳಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಹಲವು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ‘ಕನ್ನಡ’ ಎಂದು ಬರೆದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕ’ ಇದ್ದಲ್ಲಿ ಇಂಗ್ಲಿಷಿನ ‘ಪಿ’, ‘ನ’ ಇದ್ದಲ್ಲಿ ಪೌಂಡ್ ನಾಣ್ಯದ ಚಿಹ್ನೆ, ನಕಾರದ ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಜೋಡಿ ‘ಎಸ್’, ತಲೆಕಟ್ಟಿನ ಜಾಗದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ‘ಎ’. ಯಂತ್ರದ ಮಟ್ಟಿಗೆ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಬೇರೇನೋ.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಒಪ್ಪಂದ ಮಾಡಿಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂತು. ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನ್ನಡವನ್ನು ಯೂನಿಕೋಡಿನಲ್ಲಿ ತೋರಿಸತೊಡಗಿತು. ಆದರೆ ನಮ್ಮ ಪುಸ್ತಕೋದ್ಯಮ ನಿಂತಿದ್ದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದ ಮೇಲೆ. ಅದರ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲಿಯೇ. ಯೂನಿಕೋಡ್ ಕನ್ನಡವನ್ನು ಜೋಡಿಸಲು ಅದಕ್ಕೆ ಬರುತ್ತಿರಲಿಲ್ಲ. ತಯಾರಿಸಿದ ಕಂಪನಿ ಅದನ್ನು ಕೈಬಿಟ್ಟಿತು. ಕನ್ನಡದ ಡಿಟಿಪಿ ಅಂಗಡಿಗಳು ಕೈಬಿಡಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವಂತಾಯಿತು. ಕನ್ನಡಕ್ಕೆ ಜಾಗತಿಕ ಸಂಕೇತ ಸಿಕ್ಕಿದ ಮೇಲೂ ವರ್ಷಗಟ್ಟಲೆ ಕನ್ನಡ ಪುಸ್ತಕಗಳು ಹಳೆಯ ಸಂಕೇತದಲ್ಲೇ ಸಿದ್ಧವಾದವು.

ಇಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆ ನೆನಪಾಗುತ್ತದೆ. 1930ರ ದಶಕದಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ದಶಕಗಟ್ಟಲೆ ಬರೆಯುವ ಕಾಗದವನ್ನೂ ಪತ್ರಿಕೆಗಳ ಕಾಗದವನ್ನೂ ಕೊಟ್ಟಿತು. ಕಳೆದ ದಶಕದಲ್ಲಿ ಅದರ ಯಂತ್ರಗಳು ನಿಂತವು. ಕೆಲಸಗಾರರ ಪಾಡು ಏನಾಯಿತೆಂಬುದು ಈ ಕಡೆಯವರಿಗೆಲ್ಲ ಗೊತ್ತು. ಆದರೆ ಒಂದು ಮಾತು ಗಮನಿಸಿ. ಕಾರ್ಖಾನೆ ನಿಂತರೂ ಅದರ ಕಾಗದದ ಮೇಲೆ ಅಚ್ಚಾದ ಪುಸ್ತಕ ಓದಲು ಬರುತ್ತದೆ. ಆ ಕಾಗದ ತನ್ನ ಮೇಲೆ ಬರೆದದ್ದನ್ನು ತನ್ನದೆಂದು ಹೇಳಲಿಲ್ಲ. ಇಂಥದೇ ಶಾಯಿ ಬೇಕು, ಇಂಥವರೇ ಓದಬೇಕು ಎನ್ನಲಿಲ್ಲ. ಮುಚ್ಚಿದ ಸಂಕೇತದಲ್ಲಿ ಬರೆದದ್ದರ ಗತಿ ಹೀಗಲ್ಲ. ತಂತ್ರಾಂಶ ಸತ್ತರೆ ಬರಹವೂ ಅದರ ಜೊತೆ ಸಹಗಮನ ಮಾಡಬೇಕು. ಲೇಖಕರಿಗೆ ಕೃತಿಸ್ವಾಮ್ಯವಿದೆ, ಕೃತಿ ತಮ್ಮದೇ. ಆದರೂ ಅದನ್ನು ತೆರೆಯುವ ಬೀಗದಕೈ ಮಾತ್ರ ಬೇರೆಯವರ ಸೊಂಟದಲ್ಲಿ.

ಇದರ ಬೆಲೆಯನ್ನು ಯಾರು ತೆರುತ್ತಾರೆ? ಕಣ್ಣಿದ್ದವರಿಗೆ ದೊಡ್ಡ ನಷ್ಟ ಕಾಣುವುದಿಲ್ಲ. ಫಾಂಟ್ ಇದ್ದರೆ ತೆರೆದು ಓದುತ್ತೇವೆ. ಪಿಡಿಎಫ್ ಆದರೆ ಅದೂ ಬೇಡ. ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬಳನ್ನು ಯೋಚಿಸಿ. ಅವಳು ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೇಳುತ್ತಾಳೆ. ಅಂಥದ್ದರಲ್ಲಿ ಒಂದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ, ತಾವೂ ದೃಷ್ಟಿಯಿಲ್ಲದ ಇಬ್ಬರು ತರುಣರು ಕಟ್ಟಲು ತೊಡಗಿ, ಮುಕ್ತ ಪರವಾನಗಿಯಲ್ಲಿ ಜಗತ್ತಿಗೆ ಕೊಟ್ಟದ್ದು. ಅದು ಯೂನಿಕೋಡಿನ ಕನ್ನಡವನ್ನು ಕನ್ನಡವಾಗಿಯೇ ಓದುತ್ತದೆ. ಹಳೆಯ ಸಂಕೇತದ ಪಠ್ಯವನ್ನು ಕೊಟ್ಟರೆ ‘ಪಿ, ಎ, ಪೌಂಡ್’ ಎಂದು ಒದರುತ್ತದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಯಾವ ಕೃತಿಯನ್ನಾದರೂ ತರಬಹುದೆಂದು ಸಂಸತ್ತು ಹೇಳಿತು. ಕಾನೂನು ಬಾಗಿಲು ತೆರೆಯಿತು. ಬಾಗಿಲ ಹಿಂದೆ ಇದ್ದ ಪಠ್ಯ ಮಾತ್ರ ಮೂಕವಾಗಿತ್ತು. ಕಣ್ಣಿರುವ ನಮಗೂ ಇದರ ಬಿಸಿ ತಟ್ಟದೆ ಇಲ್ಲ. ಶೋಧಗಂಗಾದಂಥ ಪ್ರಬಂಧಗಳ ಭಂಡಾರದಲ್ಲಿ ಕನ್ನಡದ ಪದವೊಂದನ್ನು ಹುಡುಕುವ ಸಂಶೋಧಕರಿಗೆ ಗೊತ್ತು: ಹಳೆಯ ಸಂಕೇತದಲ್ಲಿ ಟೈಪಾದ ಪ್ರಬಂಧದಲ್ಲಿ ಆ ಪದ ಇದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ.

ಈ ಕತೆಯಲ್ಲಿ ಇನ್ನೊಂದು ಎಳೆ ಇದೆ, ಉದಾರವಾದ ಎಳೆ. ಕೆ.ಪಿ. ರಾವ್ ಅವರದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರು, ಮುದ್ರಣ ಮತ್ತು ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ದುಡಿದವರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಬರೆಯುವ ಒಂದು ವಿನ್ಯಾಸವನ್ನು ರೂಪಿಸಿದರು. ನಮ್ಮ ವರ್ಣಮಾಲೆಯ ವ್ಯವಸ್ಥೆಯನ್ನು ಅರಿತವರು ಮಾತ್ರ ಮಾಡಬಹುದಾದ ಕೆಲಸ ಅದು. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಜೊತೆ ಶಿಫ್ಟ್. ಒತ್ತಕ್ಷರಕ್ಕೆ ನಡುವೆ ‘ಎಫ್’ ಎಂಬ ಒಂದು ಕೊಂಡಿ. ‘ಕೆ, ಎನ್, ಎಫ್, ಎನ್, ಡಬ್ಲ್ಯು’ ಎಂದು ಐದು ಬಾರಿ ಒತ್ತಿದರೆ ‘ಕನ್ನಡ’. ಈ ವಿನ್ಯಾಸವನ್ನೂ, ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನೂ ಅವರು ಬಯಸಿದವರಿಗೆಲ್ಲ ಬಿಟ್ಟುಕೊಟ್ಟರು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅದೇ ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸವಾಯಿತು, ನುಡಿಯ ಕೀಲಿಮಣೆಯಾಯಿತು. ಇವತ್ತು ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ನವುಲೆಯ ಡಿಟಿಪಿ ಅಂಗಡಿಯಲ್ಲಿ ಬೆರಳುಗಳು ಓಡುವುದು ಅದರ ಮೇಲೆ. ಯಾರೂ ಅದಕ್ಕೆ ಬಾಡಿಗೆ ಕಟ್ಟುವುದಿಲ್ಲ. ಎಷ್ಟೋ ಜನರಿಗೆ ಅದನ್ನು ಮಾಡಿದವರ ಹೆಸರೂ ಗೊತ್ತಿಲ್ಲ.

ಇದನ್ನು ಮೆಚ್ಚುವುದು ಸುಲಭ. ಆದರೆ ಮೆಚ್ಚುಗೆಯಿಂದಲೇ ನೈತಿಕ ವಾದ ಕಟ್ಟಲು ಹೊರಟರೆ ಒಂದು ನ್ಯಾಯವಾದ ಆಕ್ಷೇಪ ಎದುರಾಗುತ್ತದೆ. ಎಲ್ಲರೂ ಹೀಗೆ ಕೊಟ್ಟುಬಿಡಬೇಕೇ? ತಂತ್ರಾಂಶ ಬರೆಯುವುದು ದುಡಿಮೆ. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಹೊರತಂದಾಗ ವರ್ಷಗಟ್ಟಲೆ ಉಚಿತವಾಗಿಯೇ ಹಂಚಿದರು, ಹೊರನಾಡಿನ ಕನ್ನಡಿಗರು ಮನೆಗೆ ಕನ್ನಡದಲ್ಲಿ ಪತ್ರ ಬರೆಯುವಂತಾದದ್ದು ಅದರಿಂದ. ಮುಂದೆ ಅದಕ್ಕೆ ಬೆಲೆ ಇಟ್ಟರು. ಅದರಲ್ಲಿ ತಪ್ಪೇನಿದೆ? ಹದಿನೇಳನೇ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಹೇಳಿದ್ದು ಇದನ್ನೇ: ಪ್ರಕೃತಿಯಲ್ಲಿ ಎಲ್ಲರಿಗೂ ಸೇರಿದ್ದರ ಮೇಲೆ ನನ್ನ ಬೆವರು ಬಿದ್ದರೆ ಅದು ನನ್ನದು. ಆದರೆ ಲಾಕ್ ಒಂದು ಷರತ್ತನ್ನೂ ಸೇರಿಸಿದ್ದಾನೆ. ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಭಾಷೆಯ ವಿಷಯದಲ್ಲಿ ಆ ಷರತ್ತು ಬಹಳ ಬಿಗಿ. ಏಕೆಂದರೆ ಕನ್ನಡ ಯಾರೂ ಕಾಲಿಡದ ಕಾಡಲ್ಲ. ಎಲ್ಲರೂ ಕೂಡಿ ಉಳುತ್ತಿರುವ ಹೊಲ. ಅಲ್ಲಿ ಸಂಕೇತದ ಬೇಲಿ ಹಾಕಿದವರು ಉಳಿದವರಿಗೆ ಬೇರೆ ಕನ್ನಡವನ್ನು ಬಿಟ್ಟುಕೊಡಲು ಬರುವುದಿಲ್ಲ.

ಹಾಗಾಗಿ ನನಗೆ ಕೂಲಿ ಮತ್ತು ಸುಂಕಗಳನ್ನು ಬೇರೆ ಮಾಡಿ ನೋಡುವುದು ಸರಿಯೆನಿಸುತ್ತದೆ. ಕೂಲಿ ದುಡಿಮೆಗೆ ಸಲ್ಲುವುದು. ರಸ್ತೆ ಮಾಡಿದವರಿಗೆ ಕೂಲಿ ಕೊಡಲೇಬೇಕು, ಒಳ್ಳೆಯ ಕೂಲಿಯನ್ನೇ ಕೊಡಬೇಕು. ಸುಂಕ ಬೇರೆ. ದಾರಿಯ ಬಾಗಿಲಲ್ಲಿ ಕೂತು ಹೋಗಿಬರುವವರ ತಲೆ ಎಣಿಸುವುದು. ತಂತ್ರಾಂಶಕ್ಕೆ ಬೆಲೆ ಇಟ್ಟದ್ದು ಅನ್ಯಾಯವಲ್ಲ. ಅದರಲ್ಲಿ ಬರೆದದ್ದನ್ನು ಬೇರೆಡೆ ಒಯ್ಯಲು ಬಾರದಂತೆ ಮಾಡುವುದು ಅನ್ಯಾಯ. ಮೊದಲನೆಯದರಲ್ಲಿ ನಾನು ಒಂದು ವಸ್ತು ಕೊಂಡೆ. ಎರಡನೆಯದರಲ್ಲಿ ನನ್ನ ಮಾತನ್ನೇ ನಾನು ಮತ್ತೆ ಮತ್ತೆ ಕೊಳ್ಳಬೇಕು. ನಮ್ಮ ಕಾನೂನಿಗೂ ಈ ವ್ಯತ್ಯಾಸದ ಅರಿವು ಸ್ವಲ್ಪ ಇದೆ. ಬೇರೆ ಬೇರೆ ತಂತ್ರಾಂಶಗಳು ಪರಸ್ಪರ ಹೊಂದಿ ನಡೆಯಲು ಬೇಕಾದ ಮಾಹಿತಿ ಬೇರೆಲ್ಲೂ ಸುಲಭವಾಗಿ ಸಿಗದಿದ್ದರೆ, ನ್ಯಾಯವಾಗಿ ಪಡೆದ ತಂತ್ರಾಂಶವನ್ನು ಬಿಚ್ಚಿ ನೋಡಿ ತಿಳಿಯುವುದು ಉಲ್ಲಂಘನೆಯಲ್ಲ ಎಂದು ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 63ಬಿ ಕಲಂ ಮಾತ್ರ ಬೇರೆ ಮುಖ ತೋರಿಸುತ್ತದೆ. ನಕಲಿ ಪ್ರತಿಯೆಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಕಂಪನಿಯೇ ಕೈಬಿಟ್ಟ ಪೇಜ್‌ಮೇಕರ್‌ನ ಪರವಾನಗಿಯಿಲ್ಲದ ಪ್ರತಿಯ ಮೇಲೆ ಪುಟಕ್ಕಿಷ್ಟು ಎಂದು ಟೈಪು ಮಾಡಿ ಮನೆ ನಡೆಸುವ ಹೆಣ್ಣುಮಗಳು ಈ ಕಲಮಿನ ಪ್ರಕಾರ ಅಪರಾಧಿ. ಕನ್ನಡದ ಎಷ್ಟೋ ಪುಸ್ತಕಗಳು ಅಂಥ ಕೈಗಳಿಂದಲೇ ಬಂದವು ಎಂಬುದನ್ನು ನಾವು ಸಾಹಿತ್ಯದವರು ಮರೆಯಬಾರದು.

ಹಾಗಾದರೆ ಸರ್ಕಾರವೇ ದಾರಿ ಮಾಡಿಕೊಟ್ಟರೆ? ಅದೂ ಆಯಿತು. ಕನ್ನಡ ಗಣಕ ಪರಿಷತ್ತಿನ ಮೂಲಕ ನುಡಿ ಬಂತು, ಉಚಿತವಾಗಿ ಬಂತು. ಅದರ ಹುಟ್ಟಿನ ಸುತ್ತ ನಕಲಿನ ಆರೋಪ, ಪ್ರತ್ಯಾರೋಪಗಳೂ ನಡೆದವು. ಆ ವ್ಯಾಜ್ಯದ ತೀರ್ಪು ಕೊಡುವುದು ಇಲ್ಲಿನ ಉದ್ದೇಶವಲ್ಲ. ನನಗೆ ಮುಖ್ಯವಾಗಿ ಕಾಣುವುದು ‘ಉಚಿತ’ ಎಂಬ ಮಾತು. ಇಂಗ್ಲಿಷಿನವರು ಪುಕ್ಕಟೆ ಸಿಗುವುದಕ್ಕೂ ಬಂಧನವಿಲ್ಲದ್ದಕ್ಕೂ ಒಂದೇ ಪದ ಬಳಸಿ ತೊಡಕು ಮಾಡಿಕೊಂಡಿದ್ದಾರೆ. ಕನ್ನಡಕ್ಕೆ ಆ ತೊಡಕಿಲ್ಲ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಆದರೂ ನಾವು ಪುಕ್ಕಟೆ ಸಿಕ್ಕಿದ ಕೂಡಲೇ ಮುಕ್ತವಾಯಿತೆಂದು ತೃಪ್ತಿಪಟ್ಟೆವು. ಒಳಗಿನ ಆಕರ ಸಂಕೇತ ಬಳಕೆದಾರರ ಕೈಗೆ ಬರದ ತಂತ್ರಾಂಶದಲ್ಲಿ ಒಂದು ತಪ್ಪು ಕಂಡರೆ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅದನ್ನು ತಿದ್ದುವ ದಾರಿಯಿಲ್ಲ. ಅರ್ಜಿ ಬರೆದು ಕಾಯಬೇಕು. ತೇಜಸ್ವಿಯವರು ಈ ಅಪಾಯವನ್ನು ಬೇಗ ಕಂಡವರು. ಕನ್ನಡ ತಂತ್ರಾಂಶದ ಪ್ರಶ್ನೆ ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದು ಹೇಳುತ್ತ ಬಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ಹೆಸರಿನ ತಂತ್ರಾಂಶ ತಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. ಮುಂದೆ, ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯಲ್ಲಿ ಸರ್ಕಾರವೇ ಒಂದು ತಂತ್ರಾಂಶ ಸಮಿತಿ ಮಾಡಿತು, ಯೂನಿಕೋಡಿನ ಕಡೆ ಹೊರಳಿತು. ಹೊರಳಿದ್ದು ನಿಜ, ಹೊರಳಲು ಹಿಡಿದ ಕಾಲದಲ್ಲಿ ಒಂದು ತಲೆಮಾರಿನ ಬರಹ ಹಳೆಯ ಸಂಕೇತದಲ್ಲಿ ಉಳಿದುಹೋದದ್ದೂ ನಿಜ.

ಈ ಹಂತದಲ್ಲಿ ನಮ್ಮ ಜಿಲ್ಲೆಯ ಹಳೆಯ ಕಲ್ಲುಗಳ ಕಡೆ ನೋಡಬೇಕೆನಿಸುತ್ತದೆ. ಕೊಡುವುದು ಮತ್ತು ಕೊಟ್ಟದ್ದನ್ನು ಉಳಿಸುವುದು ಎರಡು ಬೇರೆ ಕೆಲಸ ಎಂಬುದು ಅವಕ್ಕೆ ಗೊತ್ತಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ವಿದ್ಯಾಕೇಂದ್ರವಿತ್ತು. 1162ರ ಅಲ್ಲಿನ ಶಾಸನ ವೇದಗಳಿಂದ ವ್ಯಾಕರಣಗಳವರೆಗೆ ಅಲ್ಲಿ ಏನೇನು ಓದು ನಡೆಯುತ್ತಿತ್ತೆಂದು ಪಟ್ಟಿ ಮಾಡುತ್ತದೆ. ಬಡವರಿಗೆ ಊಟ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದೂ ಹೇಳುತ್ತದೆ. ಇಂಥ ಸಂಸ್ಥೆಗಳು ನಡೆದದ್ದು ದತ್ತಿಯಿಂದ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟೋಣ ಗೊತ್ತು. ಯಾರು ಕೊಟ್ಟರು, ಏನನ್ನು ಕೊಟ್ಟರು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದೆಲ್ಲ ಹೇಳಿದ ಮೇಲೆ ಕೊನೆಯಲ್ಲಿ ಶಾಪಾಶಯ ಬರುತ್ತದೆ. ಈ ಧರ್ಮವನ್ನು ಕಾದವರಿಗೆ ಇಂಥ ಪುಣ್ಯ, ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಳ್ಳಬಾರದು ಎಂಬುದೇ ಅದರ ಸಾರ. ದಾನಿಯ ಔದಾರ್ಯ ಮೊದಲ ಸಾಲುಗಳಲ್ಲಿದ್ದರೆ, ಅವನ ವಿವೇಕ ಕೊನೆಯ ಸಾಲಿನಲ್ಲಿದೆ. ಮಗ ಮೊಮ್ಮಕ್ಕಳನ್ನೂ ಮುಂದೆ ಬರುವ ಅರಸರನ್ನೂ ಅವನು ಪೂರ್ತಿ ನಂಬಲಿಲ್ಲ.

ತಂತ್ರಾಂಶದ ಲೋಕದಲ್ಲಿ ಈ ಕೊನೆಯ ಸಾಲನ್ನು ಬರೆದದ್ದು ರಿಚರ್ಡ್ ಸ್ಟಾಲ್‌ಮನ್. 1989ರಲ್ಲಿ ಬಂದ ಜಿಪಿಎಲ್ ಪರವಾನಗಿಯ ತಿರುಳು ಇಷ್ಟೇ: ಇದನ್ನು ಬಳಸು, ಬಿಚ್ಚಿ ನೋಡು, ಬದಲಿಸು, ಹಂಚು, ಬೇಕಿದ್ದರೆ ಹಣಕ್ಕೂ ಮಾರು, ಆದರೆ ನಿನಗೆ ಸಿಕ್ಕ ಈ ಹಕ್ಕನ್ನು ನಿನ್ನಿಂದ ಪಡೆಯುವವರಿಗೂ ಕೊಡಬೇಕು. ಇದು ಕವಿಲೆಯ ಪಾಪಕ್ಕೆ ಹೆದರಿಸುವುದಿಲ್ಲ, ಕೃತಿಸ್ವಾಮ್ಯ ಕಾಯ್ದೆಗೆ ಹೆದರಿಸುತ್ತದೆ. ಷರತ್ತು ಮುರಿದರೆ ನೀನು ಬೇರೆಯವರ ಕೃತಿಯನ್ನು ಕದ್ದವನಾಗುತ್ತೀಯ. ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಇಂಥದೇ ಷರತ್ತಿದೆ. ಕೂಲಿಗೆ ಇಲ್ಲಿ ಅಡ್ಡಿಯಿಲ್ಲ ಎಂಬುದನ್ನು ಗಮನಿಸಬೇಕು. ಅಡ್ಡಿ ಇರುವುದು ಸುಂಕದ ಕಟ್ಟೆಗೆ ಮಾತ್ರ. ಹಳೆಯ ದಾನಶಾಸನವನ್ನು ಕಣ್ಣುಮುಚ್ಚಿ ಹೊಗಳಲೂ ಬಾರದು. ಕಲ್ಲು ಕಾಯುತ್ತಿದ್ದ ವಿದ್ಯೆಯ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ. ಮುಕ್ತ ಪರವಾನಗಿ ಆ ಕಲ್ಲಿಗಿಂತ ಒಂದು ಹೆಜ್ಜೆ ಮುಂದಿದೆ. ಪಡೆಯುವವರು ಯಾರೆಂದು ಅದು ಕೇಳುವುದೇ ಇಲ್ಲ. ಕೇಳಬಾರದೆಂಬುದೂ ಅದರ ನಿಯಮ.

ಈಗ ಕೆ.ಪಿ. ರಾವ್ ಅವರ ದಾನಕ್ಕೆ ಮರಳೋಣ. ಅದರ ಕೊನೆಯಲ್ಲಿ ಶಾಪಾಶಯ ಇರಲಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು, ತಮ್ಮ ಮುಚ್ಚಿದ ತಂತ್ರಾಂಶದೊಳಗೂ ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಂಡರು ಕೂಡ. ಹಾಗಾದರೆ ಆ ದಾನ ಕೆಟ್ಟಿತೇ? ಇಲ್ಲ. ಯಾಕೆ ಇಲ್ಲ ಎಂಬುದೇ ಯೋಚಿಸಬೇಕಾದ್ದು.

ಒಂದು ಉತ್ತರ ಸುಲಭವಾಗಿ ಹೊಳೆಯುತ್ತದೆ. ಭೂಮಿಯನ್ನು ಒಬ್ಬ ಕಿತ್ತುಕೊಂಡರೆ ಇನ್ನೊಬ್ಬನಿಗೆ ಇಲ್ಲವಾಗುತ್ತದೆ. ಕೀಲಿಮಣೆಯ ವಿನ್ಯಾಸ ಒಂದು ಕಲ್ಪನೆ. ಹತ್ತು ಜನ ಬಳಸಿದರೂ ಹನ್ನೊಂದನೆಯವರಿಗೆ ಕಡಿಮೆಯಾಗುವುದಿಲ್ಲ. ಬರಿಯ ಕಲ್ಪನೆಯ ಮೇಲೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪದ ಮೇಲೆ ಮಾತ್ರ ಎಂದು ನಮ್ಮ ಸುಪ್ರೀಂ ಕೋರ್ಟು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ಈ ಉತ್ತರ ಪೂರ್ತಿಯಲ್ಲ. ಅಕ್ಷರಕ್ಕೆ ಸಂಖ್ಯೆ ಕೊಡುವ ಒಪ್ಪಂದವೂ ಹಂಚಿದರೆ ಕಡಿಮೆಯಾಗದ ವಸ್ತುವೇ. ಅದು ಮಾತ್ರ ಯಾಕೆ ನಮ್ಮನ್ನು ಕಟ್ಟಿಹಾಕಿತು?

ವ್ಯತ್ಯಾಸ ಇರುವುದು ಕೊಟ್ಟದ್ದು ಎಲ್ಲಿ ನೆಲೆಸುತ್ತದೆ ಎಂಬುದರಲ್ಲಿ ಎಂದು ನನಗೆ ಅನಿಸುತ್ತದೆ. ರಾವ್ ಅವರ ವಿನ್ಯಾಸ ನೆಲೆಸಿದ್ದು ಜನರ ಬೆರಳುಗಳಲ್ಲಿ. ಒಮ್ಮೆ ಕಲಿತ ಬೆರಳು ತಂತ್ರಾಂಶ ಬದಲಾದರೂ ಅದನ್ನು ಒಯ್ಯುತ್ತದೆ. ಹೊಸ ತಂತ್ರಾಂಶ ಮಾಡುವವರು ಆ ಬೆರಳಿಗೆ ತಲೆಬಾಗಿ ಅದೇ ವಿನ್ಯಾಸ ಕೊಡಬ���ಕಾಗುತ್ತದೆ. ಜನಪದರ ಹಾಡು, ಅಡುಗೆಯ ಹದ, ನಾಟಿಯ ಲಯ ಯಾವ ಪರವಾನಗಿಯಿಲ್ಲದೆಯೂ ಉಳಿದದ್ದು ಹೀಗೆಯೇ. ಮೈಯಲ್ಲಿ ನೆಲೆಸಿದ್ದನ್ನು ಬೀಗ ಹಾಕಿಡಲು ಬರುವುದಿಲ್ಲ. ಆದರೆ ಸಂಕೇತ, ಆಕರ, ಅಕ್ಷರಶೈಲಿಯ ಕಡತ ಇವೆಲ್ಲ ನೆಲೆಸುವುದು ಯಂತ್ರದಲ್ಲಿ. ಯಂತ್ರದೊಳಗಿನದನ್ನು ಬಳಸುವವರು ಅದನ್ನು ಕಾಣಲಾರರು. ಕಾಣದ್ದನ್ನು ಒಯ್ಯಲಾರರು. ಅಲ್ಲಿ ದಾನಿಯ ಒಳ್ಳೆಯತನವೊಂದೇ ಸಾಲದು; ಕಲ್ಲಿನ ಕೊನೆಯ ಸಾಲು ಬೇಕು.

ಇದರಿಂದ ಒಂದು ವಿಚಿತ್ರ ಸಂಗತಿ ಹುಟ್ಟುತ್ತದೆ. ಶಾಪ ಹಾಕುವ ಹಕ್ಕು ಒಡೆಯನಿಗೆ ಮಾತ್ರ. ‘ಇದು ನನ್ನದಲ್ಲ’ ಎಂದು ಕೈಕೊಡವಿದವರು ‘ಇದನ್ನು ಯಾರೂ ಮುಚ್ಚಬಾರದು’ ಎಂದು ವಿಧಿಸಲಾರರು. ಹಾಗಾಗಿ ಎಲ್ಲರದಾಗಿ ಉಳಿಸಬೇಕೆನ್ನುವವರು ಮೊದಲು ‘ಇದು ನನ್ನದು’ ಎನ್ನಬೇಕು. ನಮ್ಮ ಸಂಸ್ಕೃತಿಯಲ್ಲಿ ತ್ಯಾಗಕ್ಕೆ ಬಹಳ ಮರ್ಯಾದೆ. ಹೆಸರನ್ನೂ ಹಕ್ಕನ್ನೂ ಬಿಟ್ಟವರನ್ನು ದೊಡ್ಡವರೆನ್ನುತ್ತೇವೆ. ಒಬ್ಬರ ಬದುಕಿನ ನಡತೆಯಾಗಿ ಅದು ದೊಡ್ಡದೇ. ಆದರೆ ಬೇರೆಯವರ ಮಾತಿಗೆ ದಾರಿಯಾಗುವ ವಸ್ತುವಿನ ವಿಷಯದಲ್ಲಿ, ಹಕ್ಕನ್ನು ಬಿಡುವುದಕ್ಕಿಂತ ಅದನ್ನು ಹಿಡಿದು ಎಲ್ಲರ ಪರವಾಗಿ ಬಳಸುವುದು ಹೆಚ್ಚು ಜವಾಬ್ದಾರಿಯ ನಡತೆ. ಈ ಜವಾಬ್ದಾರಿಯನ್ನು ಒಬ್ಬೊಬ್ಬ ತಂತ್ರಜ್ಞನ ಹೆಗಲಿಗೆ ಹಾಕುವುದು ನ್ಯಾಯವಲ್ಲ. ತೆರಿಗೆಯ ಹಣದಲ್ಲಿ ಕೆಲಸ ಮಾಡಿಸುವ ಸರ್ಕಾರಕ್ಕೆ ಅದು ಮೊದಲು ಸಲ್ಲಬೇಕು. ಸರ್ಕಾರದ ಒಡೆತನದ ಕೃತಿಗೂ ಪ್ರಕಟವಾದ ಮೇಲೆ 60 ವರ್ಷದ ಸ್ವಾಮ್ಯವಿದೆ. ಆ ಸ್ವಾಮ್ಯವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದು, ಇಲ್ಲವೇ ಮುಕ್ತ ಪರವಾನಗಿಯ ಶಾಪಾಶಯ ಬರೆಯಲು ಬಳಸಬಹುದು. ಕೂಲಿ ಖಜಾನೆಯಿಂದ ಸಂದಾಯವಾದ ಮೇಲೆ ಆಕರವನ್ನು ಮುಚ್ಚಿಡಲು ಯಾವ ನೈತಿಕ ಕಾರಣವೂ ಉಳಿಯುವುದಿಲ್ಲ.

ಇದು ಆಗದ ಕೆಲಸವೇನಲ್ಲ. ಪಕ್ಕದ ಕೇರಳದಲ್ಲಿ 2002ರಿಂದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಬಳಗ ತಮ್ಮ ಲಿಪಿಗೆ ಬೇಕಾದ ಅಕ್ಷರಶೈಲಿಗಳನ್ನು ಮುಕ್ತ ಪರವಾನಗಿಯಲ್ಲಿ ಕಟ್ಟುತ್ತ ಬಂದಿದೆ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯೊಳಗೆ ಕಲಿಯುತ್ತಾರೆ. ನಮ್ಮಲ್ಲೂ ಬೀಜವಿಲ್ಲದೆ ಇಲ್ಲ. ಹಳೆಯ ಸಂಕೇತದ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಉತ್ಸಾಹಿ ತರುಣರು ಬರೆದು ಆಕರ ಸಮೇತ ಹಂಚಿದ್ದಾರೆ. ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟಿನ ಕನ್ನಡ ಅಕ್ಷರಶೈಲಿಯ ಹೆಸರು ‘ತುಂಗಾ’. ಹೆಸರು ನಮ್ಮ ಹೊಳೆಯದು, ಆದರೆ ಒಂದು ಪ್ರತಿಯನ್ನು ಗೆಳೆಯರಿಗೆ ಕೊಡುವ ಹಕ್ಕು ನಮಗಿಲ್ಲ. ಅದೇ ಹೊತ್ತಿಗೆ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ಲಿನಕ್ಸ್ ಬಳಸುವವರ ಯಂತ್ರಗಳಲ್ಲಿ ಹಾರಾಡುತ್ತಿವೆ. ಬೇಕಾದವರು ಅವನ್ನು ಇಳಿಸಿಕೊಳ್ಳಬಹುದು, ರೆಕ್ಕೆಯ ಒಂದು ಗರಿ ಸರಿಯಿಲ್ಲವೆನಿಸಿದರೆ ತಿದ್ದಿ ಮತ್ತೆ ಹಾರಿಬಿಡಬಹುದು.

ಸಾಹಿತ್ಯದ ವಿದ್ಯಾರ್ಥಿಗಳು ತಂತ್ರಾಂಶದ ನೀತಿ ಇಂಜಿನಿಯರುಗಳ ಪಾಲಿನದೆಂದು ಸುಮ್ಮನಿರುವುದು ರೂಢಿ. ಆದರೆ ಕಾಯ್ದೆಯೇ ತಂತ್ರಾಂಶವನ್ನು ಸಾಹಿತ್ಯವೆಂದು ಕರೆದ ಮೇಲೆ ಅದನ್ನು ವಿಮರ್ಶೆಗೆ ಒಳಪಡಿಸುವ ಅಧಿಕಾರ ನಮಗೂ ಇದೆ. ಪ್ರಬಂಧವನ್ನು ಟೈಪಿಗೆ ಕೊಡುವಾಗ ಯೂನಿಕೋಡಿನಲ್ಲೇ ಬೇಕೆಂದು ಕೇಳುವುದು, ವಿಶ್ವವಿದ್ಯಾಲಯ ಮತ್ತು ಅಕಾಡೆಮಿಗಳು ಸಾರ್ವಜನಿಕ ಹಣದಲ್ಲಿ ಮಾಡಿಸುವ ನಿಘಂಟು, ಫಾಂಟು, ಪಠ್ಯಗಳ ಪರವಾನಗಿ ಏನೆಂದು ಕೇಳುವುದು, ಇವು ಸಣ್ಣ ಕೇಳಿಕೆಗಳು. ಪುಸ್ತಕದ ಅರಿಕೆ, ಮುನ್ನುಡಿಗಳನ್ನು ಓದುವಷ್ಟೇ ಗಮನದಿಂದ ಪರವಾನಗಿಯ ಪುಟವನ್ನೂ ಓದುವುದು ಇನ್ನೊಂದು. ಅಲ್ಲಿ ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂದಿದ್ದರೆ, ಕಾದಿರಿಸಿದ್ದು ಯಾರಿಗಾಗಿ ಎಂದು ಕೇಳಬೇಕು. ದೃಷ್ಟಿಯಿಲ್ಲದ ಆ ವಿದ್ಯಾರ್ಥಿನಿಯ ಕಿವಿಗೆ ನಮ್ಮ ಬರಹ ಕನ್ನಡವಾಗಿ ತಲುಪುತ್ತದೆಯೋ ಪೌಂಡಿನ ಚಿಹ್ನೆಯಾಗಿ ತಲುಪುತ್ತದೆಯೋ ಎಂಬುದು ಅದರ ಮೇಲೆ ನಿಂತಿದೆ.